1,23,45,678ನ್ನು ಬಿಡಿಸಿ ನೋಡುವುದು ಹೇಗೆ?

ದೊಡ್ಡ ಸಂಖ್ಯೆಯೊಂದರ ಭಾಜಕಗಳೆಷ್ಟು, ಅವುಗಳ ಮೊತ್ತವೆಷ್ಟು, ಅದು ಪೂರ್ಣವರ್ಗವೇ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಹುಡುಕಬೇಕಿಲ್ಲ. ಅವಿಭಾಜ್ಯ ಅಪವರ್ತನಗಳು ಸಿಕ್ಕರೆ ಉಳಿದದ್ದು ಬರೀ ಗುಣಾಕಾರ.

1,23,45,678ರ ಕೊನೆಯ ಅಂಕ ಸಮ. 2ರಿಂದ ಭಾಗಿಸಿದರೆ 61,72,839. ಇದು ಬೆಸ, ಹಾಗಾಗಿ 2 ಒಂದೇ ಸಲ. ಅಂಕಗಳ ಮೊತ್ತ 36, ಅಂದರೆ 9ರಿಂದ ಭಾಗವಾಗುತ್ತದೆ: 6,85,871. ಮತ್ತೊಮ್ಮೆ ಅಂಕ ಕೂಡಿಸಿ: 35. ಇನ್ನು 3 ಇಲ್ಲ. ಹೀಗೆ ಎರಡನೇ ಸಲ ನೋಡದೆ ಮುಂದೆ ಹೋದರೆ ಘಾತಾಂಕ ತಪ್ಪಬಹುದು. ಅದು ತಪ್ಪಿದರೆ ಮುಂದಿನ ಉತ್ತರಗಳೂ ಕೆಟ್ಟವೆಂದೇ ಲೆಕ್ಕ. ಕೊನೆಯ ಅಂಕ 1 ಆದ್ದರಿಂದ 5 ಕೂಡ ಇಲ್ಲ.

7, 11, 13ನ್ನು ಒಟ್ಟಿಗೇ ಪರೀಕ್ಷಿಸಬಹುದು, ಏಕೆಂದರೆ 7×11×13 = 1001. ಬಲದಿಂದ ಮೂರು ಮೂರು ಅಂಕ ಬೇರ್ಪಡಿಸಿ ಕಳೆಯಿರಿ: 871 − 685 = 186. ಈ 186 ಮೂರರಲ್ಲಿ ಯಾವುದರಿಂದಲೂ ಭಾಗವಾಗದು, ಹಾಗಾಗಿ 6,85,871 ಕೂಡ ಆಗದು. ಲಕ್ಷ, ಕೋಟಿಯ ಅಲ್ಪವಿರಾಮಗಳನ್ನು ನಂಬಿ ಬೇರ್ಪಡಿಸಬೇಡಿ, ಅವು ಎರಡೆರಡು ಅಂಕಕ್ಕೆ ಬೀಳುತ್ತವೆ.

17ರಿಂದ ಮುಂದೆ ನೇರ ಭಾಗಾಕಾರವೇ ಗತಿ. 828ರ ವರ್ಗ 6,85,584, 829ರದ್ದು ಮೀರುತ್ತದೆ. ಎರಡು ಅಪವರ್ತನಗಳಲ್ಲಿ ಚಿಕ್ಕದು ವರ್ಗಮೂಲವನ್ನು ಮೀರದು, ಆದ್ದರಿಂದ 828ರವರೆಗೆ ನೋಡಿದರೆ ಸಾಕು. ಅಷ್ಟು ದೂರ ಹೋಗಬೇಕಾಗುವುದೂ ಇಲ್ಲ: 47ಕ್ಕೆ ಶೇಷವಿಲ್ಲದೆ 14,593 ಬರುತ್ತದೆ. ಕೂಡಲೇ ಮಿತಿಯನ್ನು ಹೊಸದಾಗಿ ಲೆಕ್ಕಹಾಕಿ. 121ರ ವರ್ಗ 14,641, ಹಾಗಾಗಿ ಈಗಿನ ಮಿತಿ 120. ಚಿಕ್ಕ ಅವಿಭಾಜ್ಯಗಳೆಲ್ಲ ಆಗಲೇ ಮುಗಿದಿವೆ. 47ರಿಂದ 113ರವರೆಗಿನ 16 ಮಾತ್ರ ಉಳಿದವು. 47ನ್ನೂ ಮತ್ತೊಮ್ಮೆ ನೋಡಬೇಕು. ಯಾವುದೂ ಭಾಗಿಸದ ಕಾರಣ 14,593 ಅವಿಭಾಜ್ಯ.

1,23,45,678 = 2 × 3² × 47 × 14,593

ಭಾಜಕಗಳ ಸಂಖ್ಯೆಗೆ ಪ್ರತಿ ಘಾತಾಂಕಕ್ಕೂ 1 ಸೇರಿಸಿ ಗುಣಿಸಿ: 2×3×2×2 = 24. ಭಾಜಕಗಳ ಮೊತ್ತ (1+2)(1+3+9)(1+47)(1+14,593) = 2,73,19,968. ಇದರಲ್ಲಿ ಮೂಲ ಸಂಖ್ಯೆಯನ್ನು ಕಳೆದರೂ 1,49,74,290 ಉಳಿಯುತ್ತದೆ, ಅಂದರೆ ತನಗಿಂತ ಚಿಕ್ಕ ಭಾಜಕಗಳ ಮೊತ್ತವೇ ಸಂಖ್ಯೆಯನ್ನು ಮೀರುತ್ತದೆ. ಪೂರ್ಣವರ್ಗವಲ್ಲ ಎನ್ನಲು ಇಷ್ಟೆಲ್ಲ ಬೇಕಿರಲಿಲ್ಲ, 8ರಲ್ಲಿ ಕೊನೆಯಾಗುವ ಪೂರ್ಣವರ್ಗವೇ ಇಲ್ಲ. ಪೂರ್ಣವರ್ಗವಾಗಿಸುವ ಅತಿ ಚಿಕ್ಕ ಗುಣಕ ಬೇಕಿದ್ದರೆ ಬೆಸ ಘಾತಾಂಕದವನ್ನು ಗುಣಿಸಿ: 2×47×14,593 = 13,71,742. ಎರಡು ವರ್ಗಗಳ ಮೊತ್ತವಾಗಿಯೂ 1,23,45,678ನ್ನು ಬರೆಯಲಾಗದು. 47ನ್ನು 4ರಿಂದ ಭಾಗಿಸಿದರೆ ಶೇಷ 3, ಅದರ ಘಾತಾಂಕವೋ ಬೆಸ; ಅಂಥ ಒಂದು ಅವಿಭಾಜ್ಯವಿದ್ದರೂ ಅದು ಸಾಧ್ಯವಿಲ್ಲ.

ಇದಕ್ಕಿಂತ ಬಹಳ ದೊಡ್ಡ ಸಂಖ್ಯೆಗೆ ಕಂಪ್ಯೂಟರ್ ಬೇಕು, ಆದರೆ ಎಕ್ಸೆಲ್ ಬೇಡ: ಅದು 15 ಅಂಕಗಳಾಚೆ ಎಲ್ಲವನ್ನೂ ಸೊನ್ನೆ ಮಾಡಿಬಿಡುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪೂರ್ಣಾಂಕಗಳಿಗೆ ಅಂಥ ಮಿತಿಯಿಲ್ಲ. ಆದರೂ ಭಾಗಿಸುವಾಗ / ಬದಲು // ಬಳಸಿ. ಒಂದೇ ಗೆರೆ ಹಾಕಿದರೆ ಉತ್ತರ ದಶಮಾಂಶವಾಗಿ, 9,00,71,99,25,47,40,992ರ ನಂತರ ಕೊನೆಯ ಅಂಕಗಳು ಸದ್ದಿಲ್ಲದೆ ತಪ್ಪಬಹುದು.