ನಿರುದ್ಯೋಗ ಭತ್ಯೆಯಲ್ಲಿ ಶುರುವಾದ ನನ್ನ ಕಂಪನಿ

ಸ್ಟುಟ್‌ಗಾರ್ಟ್ ಹತ್ತಿರ ನನ್ನದೊಂದು ಸಣ್ಣ ಕಂಪನಿ ಇದೆ. ಯಂತ್ರ ತಯಾರಿಸುವವರಿಗೆ ಪಿಎಲ್‌ಸಿ, ಅಂದರೆ ಯಂತ್ರವನ್ನು ನಡೆಸುವ ಸಣ್ಣ ಕಂಪ್ಯೂಟರ್, ಅದಕ್ಕೆ ಪ್ರೋಗ್ರಾಂ ಬರೆದುಕೊಡುತ್ತೇವೆ. ಊರಿಗೆ ಹೋದಾಗಲೆಲ್ಲ 'ದುಡ್ಡು ಎಲ್ಲಿಂದ ತಂದ್ಯೋ?' ಅಂತ ಕೇಳ್ತಾರೆ. ಮೊದಲ ತಿಂಗಳುಗಳ ಮನೆ ಬಾಡಿಗೆ, ದಿನಸಿ ಎಲ್ಲ ನಡೆದದ್ದು ಜರ್ಮನಿಯ ನಿರುದ್ಯೋಗ ವಿಮೆಯ ದುಡ್ಡಲ್ಲಿ.

ಹಳೆ ಕಂಪನಿಯವರು ಜನರನ್ನು ಕಡಿಮೆ ಮಾಡಿದಾಗ ನನ್ನ ಕೆಲಸವೂ ಹೋಯಿತು. ಸರಿಯಾದ ಕಾರಣವಿಲ್ಲದೆ ನಾನೇ ಬಿಟ್ಟಿದ್ದರೆ ಸಾಮಾನ್ಯವಾಗಿ 12 ವಾರ ಭತ್ಯೆ ನಿಲ್ಲುತ್ತಿತ್ತು. ಇಲ್ಲಿ ಗ್ರುಂಡುಂಗ್ಸ್‌ಸೂಶುಸ್ ಅನ್ನುವ ಸಹಾಯಧನ ಇದೆ. ಭತ್ಯೆ ಇನ್ನೂ 150 ದಿನವಾದರೂ ಬಾಕಿ ಇರುವಾಗ ಸ್ವಂತ ಕೆಲಸ ಶುರು ಮಾಡಬೇಕು. ಆಗ 6 ತಿಂಗಳು ಭತ್ಯೆಯಷ್ಟೇ ದುಡ್ಡು, ಅದರ ಮೇಲೆ ತಿಂಗಳಿಗೆ 300 ಯೂರೋ ಬರುತ್ತದೆ. ವ್ಯವಹಾರ ನಡೆಯುತ್ತಿದೆ ಅಂತ ತೋರಿಸಿದರೆ ಇನ್ನೂ 9 ತಿಂಗಳು ಬರೀ 300 ಕೊಡಬಹುದು.

ಕೇಳಿದವರಿಗೆಲ್ಲ ಕೊಡಲ್ಲ. 2011ರ ಕೊನೆಯಿಂದ ಇದು ಉದ್ಯೋಗ ಕಚೇರಿಯ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. 'ನಿಮ್ಮಂಥ ಇಂಜಿನಿಯರ್‌ಗೆ ಬೇರೆ ಕೆಲಸ ಸಿಗುತ್ತಲ್ಲ?' ಅಂದರು ನನ್ನ ಅರ್ಜಿ ನೋಡಿದ ಅಧಿಕಾರಿ. ನ್ಯಾಯವಾದ ಪ್ರಶ್ನೆಯೇ. ಗಿರಾಕಿಗಳು ಬರೆದುಕೊಟ್ಟ ಪತ್ರ, ತಿಂಗಳುವಾರು ಜಮಾ-ಖರ್ಚಿನ ಅಂದಾಜು, 'ಈ ಯೋಜನೆ ನಡೆಯುತ್ತದೆ' ಎಂದು ವಾಣಿಜ್ಯ ಮಂಡಳಿ ಕೊಟ್ಟ ಅಭಿಪ್ರಾಯ ಪತ್ರ ಮುಂದಿಟ್ಟೆ. ಅರ್ಜಿ ಹಾಕಿದ ಮೇಲೆಯೇ ಕೆಲಸ ಶುರು ಮಾಡಿದೆ. ಈ ಕ್ರಮ ತಪ್ಪಿದರೆ ಕಷ್ಟ. ನನಗೆ ಕಾಯಂ ವಾಸದ ಪರವಾನಗಿ ಇತ್ತು. ಬ್ಲೂ ಕಾರ್ಡ್‌ನಲ್ಲಿ, ಅಂದರೆ ಕೆಲಸಕ್ಕಾಗಿ ಕೊಡುವ ತಾತ್ಕಾಲಿಕ ವಾಸದ ಪರವಾನಗಿಯಲ್ಲಿ, ಇರುವವರು ವೀಸಾ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಅಣ್ಣ ಪೀಣ್ಯದಲ್ಲಿ ಲೇಥ್ ಹಾಕಿದಾಗ ಅವನಿಗೆ ಇಂಥದ್ದೇನೂ ಇರಲಿಲ್ಲ. ಪಿಎಫ್ ದುಡ್ಡು ತೆಗೆದ, ಅಮ್ಮನ ಬಳೆ ಅಡ ಇಟ್ಟ. ಧೈರ್ಯ ನನಗಿಂತ ಅವನಿಗೇ ಜಾಸ್ತಿ ಅನ್ನಿ.

ಆದರೆ ಜನ ಸೇರಿಸಿಕೊಳ್ಳುವಾಗ ನಾವಿಬ್ಬರೂ ಒಂದೇ ಸಂಖ್ಯೆ ಎದುರು ನಿಲ್ಲುತ್ತೇವೆ: 10. ಅವನಿಗೆ 10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್. ಪೀಣ್ಯದ ಕಡೆ ಒಂದೇ ಶೆಡ್ಡಿಗೆ ಗಂಡನ ಹೆಸರಲ್ಲೊಂದು, ಹೆಂಡತಿ ಹೆಸರಲ್ಲೊಂದು ಬೋರ್ಡ್ ನೇತಾಡುವುದು ಸುಮ್ನೆ ಅಲ್ಲ, ಜನರ ಲೆಕ್ಕ ಕಡಿಮೆ ತೋರಿಸೋಕೆ. ಜರ್ಮನಿಯಲ್ಲಿ ವಿಮೆ ಮೊದಲ ನೌಕರನಿಂದಲೇ ಕಟ್ಟಬೇಕು, ಹಾಗಾಗಿ ಆ ವಿಷಯದಲ್ಲಿ ಆಟ ಇಲ್ಲ. ಆದರೆ 10 ದಾಟಿದ ಮೇಲೆ, 6 ತಿಂಗಳು ಪೂರೈಸಿದವರನ್ನು ತೆಗೆಯಲು ಕಾನೂನು ಒಪ್ಪುವ ಕಾರಣ ಬೇಕು. ಈ 10ರ ಎಣಿಕೆಯಲ್ಲಿ ವಾರಕ್ಕೆ 20 ಗಂಟೆವರೆಗೆ ದುಡಿಯುವವರು ಅರ್ಧ ಲೆಕ್ಕ, 30ರವರೆಗೆ ಮುಕ್ಕಾಲು. ನನ್ನ ಕಂಪನಿಯಲ್ಲಿ ಅರ್ಧ ದಿನದವರು ಯಾಕೆ ಜಾಸ್ತಿ ಅಂತ ಈಗ ಗೊತ್ತಾಯ್ತಲ್ವಾ?