ಸಿಸೇರಿಯನ್ ಸೋಂಕು ತಡೆಗೆ ನಾವು ಪಾಲಿಸುವ ಕ್ರಮ: ನನ್ನ ಅನುಭವ

ಸಹಜ ಹೆರಿಗೆಗಿಂತ ಸಿಸೇರಿಯನ್ ಆದ ಬಾಣಂತಿಗೆ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚು. ಹೊಲಿಗೆಯಲ್ಲಿ ಕೀವು ತುಂಬಬಹುದು, ಗರ್ಭಕೋಶದ ಒಳಪದರಕ್ಕೆ ಸೋಂಕು ತಗುಲಿ ಜ್ವರ ಬರಬಹುದು. ಪ್ರಸೂತಿ ವೈದ್ಯೆಯಾಗಿ ಇದನ್ನು ತಡೆಯಲು ನಾನು ಹೆಚ್ಚು ಗಮನ ಕೊಡುವುದು ಆ್ಯಂಟಿಬಯೋಟಿಕ್ ರಕ್ತಕ್ಕೆ ಸೇರುವ ಹೊತ್ತಿಗೆ.

ಮಗುವಿಗೆ ಔಷಧ ತಲುಪಬಾರದೆಂದು ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆಯೇ ಇಂಜೆಕ್ಷನ್ ಕೊಡುವ ರೂಢಿ ಮೊದಲು ಇತ್ತು. ಆದರೆ ಚರ್ಮ ಕೊಯ್ದ ಕ್ಷಣದಿಂದಲೇ ರೋಗಾಣುಗಳಿಗೆ ದಾರಿ ತೆರೆದುಕೊಳ್ಳುವುದರಿಂದ, ಅಷ್ಟರೊಳಗೆ ಅಂಗಾಂಶಗಳಲ್ಲಿ ಔಷಧ ಸಾಕಷ್ಟು ಇರಬೇಕು. ಮೊದಲೇ ಕೊಟ್ಟರೆ ತಾಯಿಯ ಸೋಂಕು ತಗ್ಗುತ್ತದೆ, ಶಿಶುವಿನ ಸೋಂಕು ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿದ ಮೇಲೆ ನಾವೂ ಕ್ರಮ ಬದಲಿಸಿದೆವು. ಈಗ ಕೊಯ್ಯುವ ಮುಂಚಿನ 60 ನಿಮಿಷಗಳೊಳಗೆ ಸೆಫಜೋಲಿನ್ 2 ಗ್ರಾಂ ಕೊಡುತ್ತೇವೆ. ತೂಕ 120 ಕೆ.ಜಿ. ಮುಟ್ಟಿದ್ದರೆ 3 ಗ್ರಾಂ. ಸಿಸ್ಟರ್ ವಯಲ್‌ನ ಪುಡಿಯನ್ನು ಪೂರ್ತಿ ಕರಗಿಸಿ, ಸಿರಿಂಜಿಗೆ ಎಳೆದು, ಔಷಧದ ಹೆಸರಿನ ಚೀಟಿ ಅಂಟಿಸಿ ಕೊಡುತ್ತಾರೆ. ಅರಿವಳಿಕೆ ವೈದ್ಯರು ಅದನ್ನು ಮೂರರಿಂದ ಐದು ನಿಮಿಷ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು ಗಂಟೆ ಬರೆಯುತ್ತಾರೆ. ಕತ್ತಿ ಹಿಡಿಯುವ ಮೊದಲು "ಎಷ್ಟು ಹೊತ್ತಿಗೆ ಕೊಟ್ಟಿರಿ?" ಎಂದು ಗಟ್ಟಿಯಾಗಿ ಕೇಳುತ್ತೇನೆ. "ಕೊಟ್ಟಾಯಿತು ಡಾಕ್ಟರ್" ಎಂಬ ಉತ್ತರ ನನಗೆ ಸಾಲದು, ಗಡಿಯಾರದ ಹೊತ್ತೇ ಬೇಕು. ಮಗುವಿನ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಔಷಧಕ್ಕಾಗಿ ಕಾಯದೆ ಆಪರೇಷನ್ ಶುರುಮಾಡಿ, ಔಷಧವನ್ನು ಸಾಧ್ಯವಾದಷ್ಟು ಬೇಗ ಕೊಡಿಸುತ್ತೇನೆ.

ಹೆರಿಗೆ ನೋವು ಶುರುವಾಗಿದ್ದರೆ ಅಥವಾ ನೀರು ಒಡೆದಿದ್ದರೆ ಅಜಿಥ್ರೋಮೈಸಿನ್ 500 ಮಿ.ಗ್ರಾಂ ಕೂಡ ಸೇರಿಸುತ್ತೇವೆ. 2016ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಇಂಥ ತಾಯಂದಿರ ಸೋಂಕು ಇದರಿಂದ ಶೇ 12ರಿಂದ ಸುಮಾರು ಶೇ 6ಕ್ಕೆ ಇಳಿದಿತ್ತು. ಇದು ಹನಿಹನಿಯಾಗಿ ಹೋಗಲು ಒಂದು ಗಂಟೆ ಬೇಕಾದ್ದರಿಂದ ಆಪರೇಷನ್ ನಿರ್ಧಾರವಾದ ಕೂಡಲೇ ಹೆರಿಗೆ ವಾರ್ಡಿನಲ್ಲೇ ಆರಂಭಿಸುವುದು ಒಳ್ಳೆಯದು. ಪೆನಿಸಿಲಿನ್‌ನಿಂದ ಹಿಂದೆ ಉಸಿರು ಕಟ್ಟಿದ್ದವರಿಗೆ ಸೆಫಜೋಲಿನ್ ಬದಲು ಕ್ಲಿಂಡಾಮೈಸಿನ್ ಮತ್ತು ಜೆಂಟಾಮೈಸಿನ್ ಬಳಸುತ್ತೇವೆ. ರಕ್ತಸ್ರಾವ 1500 ಮಿ.ಲೀ. ದಾಟಿದರೆ ಸೆಫಜೋಲಿನ್‌ನ ಎರಡನೆಯ ಡೋಸ್ ಕೊಡುತ್ತೇವೆ.

ಆಪರೇಷನ್ ಮುಗಿದ ಮೇಲೆ, ಸೋಂಕಿನ ಲಕ್ಷಣವಿಲ್ಲದವರಿಗೆ ನಾನು ಆ್ಯಂಟಿಬಯೋಟಿಕ್ ಮಾತ್ರೆ ಬರೆಯುವುದಿಲ್ಲ. "ಇಷ್ಟು ದೊಡ್ಡ ಆಪರೇಷನ್ನಿಗೆ ಒಂದೇ ಇಂಜೆಕ್ಷನ್ ಸಾಕೇ?" ಎಂದು ಮನೆಯವರು ಆತಂಕದಿಂದ ಕೇಳುತ್ತಾರೆ, ಅದು ಸಹಜವಾದ ಪ್ರಶ್ನೆ, ಅವಸರದಲ್ಲಿ ತಳ್ಳಿಹಾಕಬಾರದು. ಕೊಯ್ಯುವ ಹೊತ್ತಿನಲ್ಲಿ ಮಾಡಬೇಕಾದ ಕೆಲಸವನ್ನು ಆ ಡೋಸ್ ಮಾಡಿ ಮುಗಿಸಿದೆ, ಆಮೇಲೆ ದಿನಗಟ್ಟಲೆ ಮಾತ್ರೆ ನುಂಗಿದರೆ ರಕ್ಷಣೆ ಹೆಚ್ಚುವುದಿಲ್ಲ, ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಅವಕಾಶವಾಗುತ್ತದೆ ಎಂದು ಕುಳಿತು ವಿವರಿಸುತ್ತೇನೆ. ಜ್ವರ, ದುರ್ವಾಸನೆಯ ಸ್ರಾವ, ಹೊಲಿಗೆಯ ಸುತ್ತ ಹರಡುವ ಕೆಂಪು, ಹೆಚ್ಚುತ್ತಾ ಹೋಗುವ ನೋವು ಕಂಡರೆ ಅದೇ ದಿನ ಬರಬೇಕೆಂದು ಹೇಳಿ, ಬಿಡುಗಡೆ ಚೀಟಿಯಲ್ಲೂ ಬರೆದುಕೊಡುತ್ತೇನೆ.