ಡಾಂಬರು ಕಿತ್ತ ಮೇಲೆ ಸಿಕ್ಕ ಸೇತುವೆ

ಮೂವತ್ತೊಂದು ವರ್ಷ ಸರಕಾರಿ ನೌಕರಿಯಲ್ಲಿ ಸೇತುವೆ ಕಟ್ಟಿಸಿದವನು ನಾನು. ನಿವೃತ್ತನಾದ ಮೇಲೆ ಕಲಬುರಗಿಯ ನಮ್ಮ ಬಡಾವಣೆಯ ಹಿಂದಿನ ನಾಲಾದ ಹಳೆಯ ಕಲ್ಲುಸೇತುವೆಯ ಬೆನ್ನು ಹತ್ತಿದೆ. "ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ತಿಪ್ಪೆಗೆ ಇಳಿಯುತ್ತೀರಲ್ಲ" ಎಂದು ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು. ಬೈದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪಕ್ಕದಲ್ಲಿ ಕಾಂಕ್ರೀಟಿನ ಹೊಸ ಸೇತುವೆ ಬಂದಂದಿನಿಂದ ನಿಜಾಮರ ಕಾಲದ ಈ ಮೂರು ಕಮಾನಿನ ಸೇತುವೆ ಕೋಳಿಯ ಪುಕ್ಕ, ಮದುವೆ ಊಟದ ತಟ್ಟೆ, ಒಡೆದ ಮನೆಯ ಇಟ್ಟಿಗೆ ಚೂರುಗಳ ತಾಣವಾಗಿತ್ತು.

ಕೆಡವಬೇಕೆನ್ನುವವರೇ ಹೆಚ್ಚು. ಅವರಿಗೆ ನಾನು ಹೈದರಾಬಾದಿನ ಪುರಾನಾಪುಲ್ ನೆನಪಿಸುತ್ತಿದ್ದೆ. ಮೂಸಿ ನದಿಯ ಮೇಲೆ 1578ರಲ್ಲಿ ಕಟ್ಟಿದ ಸೇತುವೆ ಅದು. ವಾಹನ ಸಂಚಾರ ನಿಂತ ಮೇಲೆ ಅದರ ಮೇಲೆ ತರಕಾರಿ ಮಾರುಕಟ್ಟೆ ಬೆಳೆಯಿತು. ಯಾವ ವಾಸ್ತುಶಿಲ್ಪಿಯೂ ನಕ್ಷೆ ಬರೆದು ಅದನ್ನು ಸಂತೆ ಮಾಡಿದ್ದಲ್ಲ, ಬುಟ್ಟಿ ಹೊತ್ತವರು ಮಾಡಿದ್ದು. ಈ ಮಾತನ್ನು ಊರಿಗೆಲ್ಲ ಹೇಳಿದ ನಾನೇ ಮನೆಗೆ ಬಂದು ನಕ್ಷೆ ಬರೆಯಲು ಕುಳಿತೆ. ಕಲ್ಲಿನ ಆಸನ, ಹೂವಿನ ಡ್ರಮ್ಮು, ನಡುವೆ ನಾಟಕಕ್ಕೊಂದು ಕಟ್ಟೆ. ಹುಟ್ಟುಗುಣ.

ಸೇತುವೆ ಯಾರದೆಂದು ತಿಳಿಯಲು ಏಳು ತಿಂಗಳು ಹಿಡಿಯಿತು. ಒಂದು ಕಚೇರಿಯವರು ಇನ್ನೊಂದರತ್ತ ಬೆರಳು ತೋರಿಸಿದರು, ಅವರು ಮತ್ತೆ ಇವರತ್ತ. ನಾನೂ ಆ ಕುರ್ಚಿಯಲ್ಲಿ ಕುಳಿತು ಹಾಗೆಯೇ ಬೆರಳು ತೋರಿಸಿದವನಾದ್ದರಿಂದ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ. ಕೊನೆಗೆ ಷರತ್ತಿನ ಮೇಲೆ ಅನುಮತಿ ಸಿಕ್ಕಿತು: ವಾಹನ ಬಿಡಬಾರದು, ಶಾಶ್ವತ ಕಟ್ಟಡ ಕೂಡದು.

ವಾಹನವಿಲ್ಲ ಎಂದರೆ ಭಾರವಿಲ್ಲ ಎಂದು ಜನ ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಒಂದು ಕಾರು ನಿಲ್ಲಲು ಸುಮಾರು 10 ಚದರ ಮೀಟರ್ ಬೇಕು, ಸಾಮಾನ್ಯ ಕಾರಿನ ತೂಕ ಒಂದೂವರೆ ಟನ್ನಿನೊಳಗೆ. ಅದೇ ಜಾಗದಲ್ಲಿ ಜನ ಕಿಕ್ಕಿರಿದು ನಿಂತರೆ ನಾಲ್ಕು ಟನ್. ಜಾತ್ರೆಯ ಜನಸಂದಣಿಗೆ ನಾವು ಇನ್ನೂ ಹೆಚ್ಚು, ಚದರ ಮೀಟರಿಗೆ 500 ಕಿಲೋ ಹಿಡಿಯುತ್ತೇವೆ. 2022ರ ಅಕ್ಟೋಬರಿನಲ್ಲಿ ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಹರಿದು 130ಕ್ಕೂ ಹೆಚ್ಚು ಜನ ಸತ್ತರು. ಅದರ ಮೇಲೆ ಇದ್ದದ್ದೂ ಕಾಲ್ನಡಿಗೆಯ ಜನವೇ. ನಮ್ಮದು 18 ಮೀಟರ್ ಉದ್ದ, 5 ಮೀಟರ್ ಅಗಲ. ತುಂಬಿದರೆ 45 ಟನ್.

ಈ 45 ಟನ್ನಿಗೆ ಜಾಗ ಸಿಕ್ಕಿದ್ದು ಡಾಂಬರಿನಲ್ಲಿ. ಪಕ್ಕದ ಗೋಡೆ ನನ್ನ ಮೊಣಕಾಲಿಗಿಂತ ಸ್ವಲ್ಪವೇ ಮೇಲಿತ್ತು. ಮಕ್ಕಳು ಓಡಾಡುವ ಜಾಗಕ್ಕೆ ಅದು ಸಾಲದು. ಏರಿಸಲು ಕಲ್ಲು ತರಿಸಬೇಕೆಂದು ಲೆಕ್ಕ ಹಾಕುತ್ತಿದ್ದಾಗ ಗೌಂಡಿ ಹಾರೆಯಿಂದ ನೆಲ ಕುಟ್ಟಿ, "ಗೋಡೆ ಗಿಡ್ಡ ಇಲ್ಲ ಸಾಹೇಬರೇ, ರಸ್ತೆ ಎತ್ತರ ಆಗಿದೆ" ಎಂದ. ಅಗೆದು ನೋಡಿದರೆ ಪದರದ ಮೇಲೆ ಪದರ, ಒಟ್ಟು ಒಂಬತ್ತು ಇಂಚು ಡಾಂಬರು. ಪ್ರತಿ ದುರಸ್ತಿಯಲ್ಲೂ ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಹಾಕಿದ್ದರು. ಅಂಥ ಬಿಲ್ಲುಗಳಿಗೆ ನಾನೂ ಎಷ್ಟು ಸಹಿ ಹಾಕಿದ್ದೇನೋ! ಅಷ್ಟೂ ಡಾಂಬರಿನ ತೂಕ ಗುಣಿಸಿದರೆ ಸರಿಸುಮಾರು 45 ಟನ್ನೇ ಬಂತು. ಅದನ್ನು ಎರಡೂ ದಂಡೆಯಿಂದ ನಡುವಿಗೆ, ಸರಿಸಮವಾಗಿ ಕೆರೆಸಿದೆವು. ಕಮಾನು ನಿಂತಿರುವುದೇ ಮೇಲಿನ ಭಾರದ ಒತ್ತಿನಲ್ಲಿ. ಒಂದೇ ಬದಿ ಹಗುರಾದರೆ ಕಲ್ಲು ಮಿಸುಕುತ್ತದೆ. ಕೆಳಗೆ ಮೂಲ ಕಲ್ಲುಹಾಸು ಸಿಕ್ಕಿತು, ಗೋಡೆ ಸೊಂಟದ ಹತ್ತಿರಕ್ಕೆ ಬಂತು.

ಸಂದುಗಳಲ್ಲಿ ಅರಳಿ ಸಸಿಗಳಿದ್ದವು. ಹುಡುಗರು ಉತ್ಸಾಹದಿಂದ ಕೀಳಲು ಹೋದರು, ಒಂದು ಸಸಿ ಎರಡು ಕಲ್ಲುಗಳನ್ನು ಎಳೆದುಕೊಂಡೇ ಬಂತು. ಆಮೇಲೆ ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ ಸಾಯಿಸಿದೆವು. ಸಂದು ತುಂಬಿದ್ದು ಸುಣ್ಣದ ಗಾರೆಯಿಂದ. ಸಿಮೆಂಟು ಹಾಕಿದರೆ ಬೇಗ ಮುಗಿಯುತ್ತದೆ ಎಂದವರಿದ್ದರು; ಆದರೆ ಸಿಮೆಂಟು ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಹಳೆಯ ಗಾರೆ ಒಳಗೇ ಕೊಳೆಯುತ್ತದೆ. ಮುಚ್ಚಿಹೋಗಿದ್ದ ನೀರು ಬಸಿಯುವ ತೂತುಗಳನ್ನು ಬಿಡಿಸಿದ ದಿನ ನಡುಗಮಾನಿನಿಂದ ಸಂಜೆಯವರೆಗೆ ಕೆಂಪು ನೀರು ಸೋರಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಆ ಕೊಳಕು ನೀರು.

ಇಷ್ಟಾದ ಮೇಲೆ ನನ್ನ ನಕ್ಷೆಯ ಸರದಿ. ಶಹಾಬಾದ್ ಕಲ್ಲಿನ ಎಂಟು ಆಸನ ಹಾಕಿಸಿದೆ. ಅದು ಮಾರ್ಚ್. ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ರಾತ್ರಿ ಎಂಟಕ್ಕೂ ಕಲ್ಲು ಸುಡುತ್ತಿತ್ತು. ಪುಂಡಿಪಲ್ಯದ ಸೊಪ್ಪು ಮಾರುವ ಅಜ್ಜಿಯೊಬ್ಬಳು ಅಂಗೈ ಇಟ್ಟು ನೋಡಿ, "ಇದರ ಮೇಲೆ ರೊಟ್ಟಿ ಹಾಕಬಹುದು ಸಾಹೇಬರೇ, ಕುಳಿತುಕೊಳ್ಳಲು ಆಗುವುದಿಲ್ಲ" ಎಂದಳು. ಹೂವಿನ ಡ್ರಮ್ಮುಗಳದ್ದು ಇನ್ನೊಂದು ಕಥೆ: ಒದ್ದೆ ಮಣ್ಣು ತುಂಬಿದ ಡ್ರಮ್ಮು ಮುನ್ನೂರು ಕಿಲೋ ದಾಟುತ್ತದೆ. ಡಾಂಬರು ಕಿತ್ತು ಹಗುರ ಮಾಡಿದವನೇ ಮಣ್ಣು ಹೇರುತ್ತಿದ್ದೆ.

ಆಗ ಹದಿನೈದು ದಿನ ನೋಟ್‌ಬುಕ್ ಹಿಡಿದು, ಯಾರು ಯಾವ ಹೊತ್ತಿಗೆ ಬರುತ್ತಾರೆಂದು ಬರೆದುಕೊಂಡೆ. ಬೆಳಗ್ಗೆ ಆರರಿಂದ ಒಂಬತ್ತು ಪಲ್ಯದವರು. ಒಂಬತ್ತರಿಂದ ಸಂಜೆ ಐದರವರೆಗೆ ಒಂದು ನಾಯಿ. ಆಮೇಲೆ ಬಿಸಿರೊಟ್ಟಿ, ಶೇಂಗಾ ಹಿಂಡಿ ಮಾರುವ ಇಬ್ಬರು ಹೆಂಗಸರು. ಏಳರ ನಂತರ, ನಾನು ಲೆಕ್ಕಕ್ಕೇ ಹಿಡಿಯದಿದ್ದವರು: ಬಾಡಿಗೆ ಕೋಣೆಯ ಸೆಕೆ ತಾಳದೆ ದೀಪದ ಕಂಬದ ಕೆಳಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ನಾಟಕದ ಕಟ್ಟೆ ಕೇಳಿದವರು ಒಬ್ಬರೂ ಇರಲಿಲ್ಲ.

ಆಸನಗಳನ್ನು ದಂಡೆಯ ಬೇವಿನ ಮರದ ಕೆಳಗೆ ಸಾಗಿಸಿದೆವು, ಡ್ರಮ್ಮುಗಳನ್ನು ಶಾಲೆಗೆ ಕೊಟ್ಟೆವು. ಸೇತುವೆಯ ಮೇಲೆ ಉಳಿದದ್ದು ಎರಡು ಹೆಚ್ಚುವರಿ ದೀಪ, ವಾಹನ ತಡೆಯುವ ಕಲ್ಲುಗೂಟಗಳು. ಚಾಪೆ, ಬುಟ್ಟಿ, ತಾಡಪತ್ರಿ ಅವರವರೇ ತರುತ್ತಾರೆ, ಒಯ್ಯುತ್ತಾರೆ. ಮಳೆಗಾಲಕ್ಕೂ ಇದೇ ಸರಿ. ಕಾಗಿಣಾ ನದಿ ಉಕ್ಕಿದಾಗ ಮಳಖೇಡ, ದಂಡೋತಿಯ ಸೇತುವೆಗಳು ಮುಳುಗುವುದನ್ನು ಕಂಡವರು ನಾವು. ನಮ್ಮ ನಾಲಾ ಉಕ್ಕಿದರೂ ನೀರಿಗೆ ಅಡ್ಡ ನಿಲ್ಲುವಂಥದ್ದೇನೂ ಮೇಲಿರಬಾರದು. ಮೆರವಣಿಗೆಗಳ ದಿನ ಎರಡೂ ತುದಿಗೆ ಹಗ್ಗ ಕಟ್ಟುತ್ತೇವೆ. ಆಗ ಬೈಗುಳ ತಿನ್ನುವ ಕೆಲಸ ನನ್ನದು.

ಪಲ್ಯದವರು ಈಗ ಸೊಪ್ಪು ತೊಳೆಯಲು ನಲ್ಲಿ ಕೇಳುತ್ತಿದ್ದಾರೆ. ಸೇತುವೆಯ ಮೇಲೆ ಪೈಪು ಹಾಯಿಸಿದರೆ ಒಂದಲ್ಲ ಒಂದು ದಿನ ಸೋರುತ್ತದೆ, ಸೋರಿದ್ದೆಲ್ಲ ಕಮಾನಿನೊಳಗೆ ಇಳಿಯುತ್ತದೆ. ಬೇವಿನ ಮರದ ಬಳಿ ಹಾಕಿಸುತ್ತೇನೆ ಎಂದಿದ್ದೇನೆ. ಅಷ್ಟು ದೂರ ಕೊಡ ಹೊರುವವರು ಯಾರು ಎಂದು ಅಜ್ಜಿ ಕೇಳಿದ್ದಾಳೆ.